ಬಿಟ್ಟ ಸೈಕಲ್ ಮತ್ತೆ ಹಿಡಿದು 200 ಕಿ.ಮೀ.ವರೆಗೆ: ಹದಿನಾರು ವಾರಗಳ ತಯಾರಿ

ಎರಡೂವರೆ ವರ್ಷ ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹರವಲು ಮಾತ್ರ ಬಳಕೆಯಾಗುತ್ತಿದ್ದ ಸೈಕಲನ್ನು ನಾನು ಮತ್ತೆ ರಸ್ತೆಗಿಳಿಸಿದ್ದು ಒಂದು ಆಗಸ್ಟ್ ತಿಂಗಳಲ್ಲಿ. ನಾಲ್ಕು ವಾರ ಕಳೆಯುವಷ್ಟರಲ್ಲಿ ಏದುಸಿರು ಕಡಿಮೆಯಾಗಿ, ಹಳೆಯ ಲಯ ಮರಳಿದಂತೆ ಅನಿಸಿತು. ಆ ಹುಮ್ಮಸ್ಸಿನಲ್ಲಿ ಐದನೆಯ ಭಾನುವಾರ ಒಮ್ಮೆಲೇ 90 ಕಿ.ಮೀ. ತುಳಿದೆ. ದಾರಿಯುದ್ದಕ್ಕೂ ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಮೆಟ್ಟಿಲಿಳಿಯಲು ಹೋದಾಗ ಬಲ ಮಂಡಿ ಮಡಿಸಲಾಗದಷ್ಟು ನೋಯುತ್ತಿತ್ತು. ಮುಂದಿನ ಆರು ವಾರ ಸೈಕಲ್ ಮರಳಿ ಬಾಲ್ಕನಿ ಸೇರಿತು. ಬಿಡುವಿನ ನಂತರ ದೇಹದ ಭಾಗಗಳೆಲ್ಲವೂ ಒಂದೇ ವೇಗದಲ್ಲಿ ಮರಳುವುದಿಲ್ಲ ಎಂಬುದು ಆಗ ಗೊತ್ತಾಯಿತು. ಉಸಿರು ಮೊದಲು ಮರಳುತ್ತದೆ, ತೊಡೆಯ ಸ್ನಾಯು ಆಮೇಲೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಮಂಡಿಯ ಸ್ನಾಯುರಜ್ಜು, ಕೂರುವ ಜಾಗದ ಚರ್ಮ ಮತ್ತು ಕುತ್ತಿಗೆ ಎಲ್ಲಕ್ಕಿಂತ ಕೊನೆಗೆ. ಕೆಳಗೆ ವಿವರಿಸಿರುವ ತಯಾರಿಯನ್ನು ಆ ಕೊನೆಯವುಗಳ ವೇಗಕ್ಕೆ ಹೊಂದಿಸಲಾಗಿದೆ.

ಇದರ ಕಾರಣ ತಿಳಿದಿದ್ದರೆ ತಾಳ್ಮೆ ಸ್ವಲ್ಪ ಸುಲಭವಾಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ಏಳು ಮಂದಿ ಕ್ರೀಡಾಳುಗಳು 84 ದಿನ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದಾಗ, ಆಮ್ಲಜನಕ ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯ ಮೊದಲ 21 ದಿನಗಳಲ್ಲೇ ಶೇ 7ರಷ್ಟು ಇಳಿಯಿತು. ಎಂಟು ವಾರಗಳ ಹೊತ್ತಿಗೆ ಆ ಇಳಿಕೆ ಶೇ 16ಕ್ಕೆ ತಲುಪಿ ಅಲ್ಲಿ ನಿಂತಿತು. ಮೊದಲ ವಾರಗಳ ಈ ಕುಸಿತಕ್ಕೆ ಮುಖ್ಯ ಕಾರಣ ರಕ್ತದ ದ್ರವಭಾಗ ಕಡಿಮೆಯಾಗಿ, ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತ ತಗ್ಗುವುದು. ಬೇಗ ಹೋಗುವ ಈ ದ್ರವ ಅಷ್ಟೇ ಬೇಗ ತುಂಬಿಕೊಳ್ಳುತ್ತದೆ. ಹಾಗಾಗಿಯೇ ಎರಡು ಮೂರು ವಾರ ಸೈಕಲ್ ತುಳಿದವರಿಗೆ 'ಎಲ್ಲ ಮೊದಲಿನಂತಾಯಿತು' ಎನ್ನಿಸುವುದು. ಆದರೆ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ. ಅವು ಹೊರೆಗೆ ತಕ್ಕಂತೆ ಗಟ್ಟಿಯಾಗಲು ವಾರಗಳಲ್ಲ, ತಿಂಗಳುಗಳು ಬೇಕು. ಉಸಿರು ಮರಳಿದ ದಿನಕ್ಕೂ ಮಂಡಿ ಸಿದ್ಧವಾಗುವ ದಿನಕ್ಕೂ ನಡುವಿನ ಅವಧಿಯೇ ಮರಳಿ ಬರುವವರಿಗೆ ಅತ್ಯಂತ ಅಪಾಯದ್ದು.

ಗುರಿ ಮತ್ತು ದಿನಾಂಕ

'ದೂರದ ಸವಾರಿ' ಎಂಬ ಅಸ್ಪಷ್ಟ ಆಸೆಯನ್ನಿಟ್ಟುಕೊಂಡು ಹದಿನಾರು ವಾರ ಬೆಳಗಿನ ಜಾವ ಏಳುವುದು ಕಷ್ಟ. ನಿಗದಿತ ದೂರ, ನಿಗದಿತ ಅವಧಿ ಇರುವ ಒಂದು ಸವಾರಿಯನ್ನು ಆರಿಸಿಕೊಳ್ಳಬೇಕು. ಕರ್ನಾಟಕದ ಸವಾರರಿಗೆ ಇದಕ್ಕೆ ಒಗ್ಗುವುದು ಬಿಆರ್‌ಎಂ ಎಂದು ಪರಿಚಿತವಾಗಿರುವ ಬ್ರೆವೆ ಸವಾರಿ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪಾರಿಸಿಯನ್ ಸಂಸ್ಥೆಯ ನಿಯಮಗಳಡಿ ಹಲವು ದೇಶಗಳಲ್ಲಿ ನಡೆಯುವ ಈ ಸವಾರಿಗಳಲ್ಲಿ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬುದಿಲ್ಲ. ಕೊಟ್ಟ ಸಮಯದೊಳಗೆ, ದಾರಿಯಲ್ಲಿ ಸವಾರರ ಕಾರ್ಡಿಗೆ ಮುದ್ರೆ ಹಾಕುವ ಕಂಟ್ರೋಲ್ ಪಾಯಿಂಟ್‌ಗಳನ್ನು ಹಾದು, ಹೊರಗಿನ ನೆರವಿಲ್ಲದೆ ಮುಗಿಸಿದರೆ ಸಾಕು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1,200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಹೋಗುವವರೂ ಈ ಮೆಟ್ಟಿಲುಗಳನ್ನೇ ಹತ್ತಬೇಕು. ನಮ್ಮ ಗುರಿ ಮೊದಲ ಮೆಟ್ಟಿಲಾದ 200.

ತಿಂಗಳು ಆರಿಸುವಾಗ ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಬಯಲುಸೀಮೆಯಲ್ಲಿ ಆಗ ಬಿಸಿಲು ಹದವಾಗಿರುತ್ತದೆ, ಮಳೆ ಕಡಿಮೆ. ಡಿಸೆಂಬರ್ ಕೊನೆಯ ಸವಾರಿಗೆ ಸೆಪ್ಟೆಂಬರ್ ಮೊದಲ ವಾರವೇ ತಯಾರಿ ಆರಂಭಿಸಬೇಕೆಂದು ಲೆಕ್ಕ ಬರುತ್ತದೆ. ಮಾರ್ಚ್ ನಂತರದ ಸವಾರಿಯನ್ನು, ವಿಶೇಷವಾಗಿ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ, ಮರಳಿ ಬರುತ್ತಿರುವವರು ಆರಿಸಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. 40 ಡಿಗ್ರಿ ಬಿಸಿಲಿನಲ್ಲಿ ಪರೀಕ್ಷೆಗೆ ಒಳಗಾಗುವುದು ತಯಾರಿಯಲ್ಲ, ದೇಹದ ಸಹನೆ.

ಹೊರಡುವ ಮುನ್ನ ವೈದ್ಯರನ್ನು ಕಾಣಬೇಕಾದವರು ಯಾರು ಎಂಬುದನ್ನೂ ಹೇಳಿಬಿಡಬೇಕು. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹ ಇರುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ಮತ್ತು ಕಾಯಿಲೆಯ ಕಾರಣಕ್ಕೇ ಸೈಕಲ್ ಬಿಟ್ಟವರು ಒಮ್ಮೆ ತಪಾಸಣೆ ಮಾಡಿಸಿಕೊಳ್ಳಲೇಬೇಕು. ಚಿಕೂನ್‌ಗುನ್ಯದಿಂದ ಎದ್ದವರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು. ಅಂಥವರು ಈ ಹದಿನಾರು ವಾರಗಳನ್ನು ಇಪ್ಪತ್ತನಾಲ್ಕಕ್ಕೆ ಹಿಗ್ಗಿಸಿಕೊಂಡರೂ ತಪ್ಪಿಲ್ಲ. ಸವಾರಿಯ ನಡುವೆ ಎದೆಯಲ್ಲಿ ಬಿಗಿತ, ತಲೆಸುತ್ತು ಅಥವಾ ಅಸಹಜ ಉಬ್ಬಸ ಕಾಣಿಸಿಕೊಂಡರೆ ಅಲ್ಲೇ ನಿಲ್ಲಿಸಬೇಕು. ಆ ದಿನ 'ಇನ್ನೊಂದು ಐದು ಕಿ.ಮೀ.' ಎಂಬ ಮಾತಿಲ್ಲ.

ಮೊದಲು ಸೈಕಲ್ಲಿನ ತಪಾಸಣೆ

ನಿಂತ ಸೈಕಲ್ ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಟಯರಿನ ಪಕ್ಕೆಯನ್ನು ಬೆರಳಿನಿಂದ ಅಗಲಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು ಕಂಡಾವು. ಕಂಡರೆ ಟಯರ್ ಬದಲಿಸಬೇಕು, ಗಾಳಿ ನಿಲ್ಲುತ್ತದಲ್ಲ ಎಂಬ ಸಮಾಧಾನ ಬೇಡ. ಬ್ರೇಕ್ ಪ್ಯಾಡ್ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಗಡಸಾಗಿದೆ ಎಂದರ್ಥ. ಕೇಬಲ್ ಒಳಗೆ ತುಕ್ಕು ಹಿಡಿದಿದ್ದರೆ ಗೇರ್ ಬದಲಾಗುವುದು ತಡವಾಗುತ್ತದೆ. ಚೈನು ಸವೆದಿದೆಯೇ ಎಂದು ಅಳತೆಪಟ್ಟಿಯಿಂದ ನೋಡಿಸಿ, ಶೇ 0.75 ದಾಟಿದ್ದರೆ ಹೊಸದು ಹಾಕಿಸುವುದು ಲಾಭ. ಹಳೆಯದನ್ನೇ ಎಳೆದರೆ ಹಿಂದಿನ ಹಲ್ಲುಗಾಲಿಗಳೂ ಜೊತೆಗೆ ಹಾಳಾಗುತ್ತವೆ. ಟ್ಯೂಬ್‌ಲೆಸ್ ಟಯರಾಗಿದ್ದರೆ ತೂತು ಮುಚ್ಚಲು ಒಳಗೆ ಹಾಕುವ ದ್ರವ (ಸೀಲಂಟ್) ಕೆಲವೇ ತಿಂಗಳಲ್ಲಿ ಒಣಗಿರುತ್ತದೆ.

ಎಲ್ಲರೂ ಮರೆಯುವ ಒಂದು ವಸ್ತು ಪಂಕ್ಚರ್ ಕಿಟ್ಟಿನೊಳಗಿನ ಸೊಲ್ಯೂಷನ್ ಟ್ಯೂಬು. ಒಮ್ಮೆ ತೆರೆದ ಮೇಲೆ ಅದು ತಾನಾಗಿಯೇ ಒಣಗಿ ಖಾಲಿಯಾಗುತ್ತದೆ. ಇದು ಗೊತ್ತಾಗುವುದು ಮಾತ್ರ ಊರಿಂದ ನಲವತ್ತು ಕಿ.ಮೀ. ಆಚೆ, ಹೊಂಗೆ ಮರದ ಕೆಳಗೆ ಚಕ್ರ ಬಿಚ್ಚಿ ಕೂತಾಗ.

ಕೂರುವ ಎತ್ತರ

ಹಳೆಯ ಅಳತೆಯನ್ನೇ ನಂಬಬಾರದು. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ತೊಡೆಯ ಹಿಂಭಾಗ ಬಿಗಿದಿರುತ್ತದೆ, ಹೊಟ್ಟೆ ಒಂದಿಷ್ಟು ಮುಂದೆ ಬಂದಿರುತ್ತದೆ. ಮೊದಲು ಸುಖವಾಗಿದ್ದ ಬಾಗುವಿಕೆ ಈಗ ಸೊಂಟಕ್ಕೆ ಭಾರ. ಹ್ಯಾಂಡಲ್ಲನ್ನು ಒಂದೆರಡು ಸೆಂಟಿಮೀಟರ್ ಎತ್ತರಿಸಿಕೊಂಡು ಆರಂಭಿಸಿ, ಎಂಟು ವಾರಗಳ ನಂತರ ಬೇಕಿದ್ದರೆ ತಗ್ಗಿಸಬಹುದು. ಸ್ಯಾಡಲ್ಲಿನ ಎತ್ತರಕ್ಕೆ ಸುಲಭ ಪರೀಕ್ಷೆ ಇದು: ಗೋಡೆಗೆ ಆನಿಕೊಂಡು ಕೂತು, ಪೆಡಲ್ ಅತ್ಯಂತ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ಪೂರ್ತಿ ನೇರವಾಗಬೇಕು; ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ತಕ್ಕಷ್ಟು ಬಾಗು ಉಳಿಯುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸ್ಯಾಡಲ್ ತಗ್ಗಿನಲ್ಲಿದೆ. ಹಿಂಭಾಗ ನೋಯುತ್ತಿದ್ದರೆ, ಅಥವಾ ಹಿಂದಿನಿಂದ ನೋಡುವವರಿಗೆ ನಿಮ್ಮ ಸೊಂಟ ಅತ್ತಿತ್ತ ಹೊಯ್ದಾಡುವುದು ಕಂಡರೆ, ಎತ್ತರ ಹೆಚ್ಚಾಗಿದೆ. ಬದಲಾವಣೆ ಒಮ್ಮೆಗೆ 3–4 ಮಿಲಿಮೀಟರ್ ಮಾತ್ರ ಇರಲಿ, ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ಸವಾರಿಗಳಿರಲಿ. ಮೊದಲ ಸವಾರಿಯಲ್ಲೇ ಒಳಷಟ್ಕೋನ ಕೀಲಿ (ಅಲೆನ್ ಕೀ) ಜೇಬಿನಲ್ಲಿಟ್ಟುಕೊಂಡು ಹೋಗುವುದು ವಾಸಿ.

ಮೊದಲ ಮೂರು ವಾರ: ಉದ್ದೇಶಪೂರ್ವಕವಾಗಿ ಕಡಿಮೆ

ವಾರಕ್ಕೆ ಮೂರು ಸವಾರಿ, ಒಂದೊಂದು 40ರಿಂದ 60 ನಿಮಿಷ, ಸಾಧ್ಯವಾದಷ್ಟು ಸಮತಟ್ಟಾದ ರಸ್ತೆಯಲ್ಲಿ. ದೂರ 12ರಿಂದ 18 ಕಿ.ಮೀ. ಆದರೆ ಸಾಕು. ಪಕ್ಕದಲ್ಲಿ ಬರುವವರ ಜೊತೆ ಪೂರ್ಣ ವಾಕ್ಯಗಳಲ್ಲಿ, ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲದೆ ಮಾತನಾಡುವಂತಿದ್ದರೆ ವೇಗ ಸರಿಯಿದೆ. ಒಬ್ಬರೇ ಇದ್ದರೆ ಮನಸ್ಸಿನಲ್ಲಿರುವ ಹಾಡನ್ನು ಗುನುಗಿ ನೋಡಬಹುದು. ಗೇರ್ ಹಗುರವಾಗಿರಲಿ, ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ಬರಲಿ. ಭಾರದ ಗೇರಿನಲ್ಲಿ ನಿಧಾನಕ್ಕೆ ಒತ್ತಿ ತುಳಿಯುವುದು ಬಲದ ಲಕ್ಷಣವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ, ಬಾಲ್ಯದಲ್ಲಿ ಗೇರಿಲ್ಲದ ಸೈಕಲ್ಲಿನಲ್ಲಿ ಹಾಗೆಯೇ ಕಲಿತದ್ದೂ ಅದಕ್ಕೆ ಕಾರಣವಿರಬಹುದು. ಆದರೆ ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಬೀಳುವ ಹೊರೆ ಆಗ ಹೆಚ್ಚು. ಒಂದು ಗಂಟೆಗೆ ಸುಮಾರು ಐದು ಸಾವಿರ ಸುತ್ತು ಎಂದು ಲೆಕ್ಕ ಹಾಕಿದರೆ, ಒಂದೊಂದು ಸುತ್ತಿನ ಸಣ್ಣ ವ್ಯತ್ಯಾಸವೂ ಎಷ್ಟಾಗುತ್ತದೆಂದು ತಿಳಿಯುತ್ತದೆ.

ಈ ಅವಧಿಯಲ್ಲಿ ಸೈಕಲ್ಲಿನ ಪರದೆಯಲ್ಲಿ ವೇಗ ಕಾಣದಂತೆ ಮಾಡಿಕೊಂಡು, ಸಮಯ ಮಾತ್ರ ಇಟ್ಟುಕೊಳ್ಳುವುದು ನನಗೆ ಬಹಳ ಉಪಯೋಗಕ್ಕೆ ಬಂತು. ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನಲ್ಲಿ ಉಳಿದಿರುವ ನಮ್ಮದೇ ಹಳೆಯ ದಾಖಲೆಗಳಷ್ಟು ಕೆಟ್ಟ ಜೊತೆಗಾರ ಇನ್ನೊಬ್ಬನಿಲ್ಲ.

ಸವಾರಿ ಇಲ್ಲದ ಎರಡು ದಿನ ಮನೆಯಲ್ಲೇ ಹದಿನೈದು ನಿಮಿಷದ ವ್ಯಾಯಾಮ ಬೇಕು. ಬಸ್ಕಿ, ಅಂಗಾತ ಮಲಗಿ ಸೊಂಟ ಮೇಲೆತ್ತುವುದು, ಒಂಟಿ ಕಾಲಲ್ಲಿ ನಿಧಾನವಾಗಿ ಮೆಟ್ಟಿಲಿಳಿಯುವುದು, ಮೊಣಕೈ ಊರಿ ದೇಹವನ್ನು ಹಲಗೆಯಂತೆ ಹಿಡಿಯುವುದು, ಇಷ್ಟು ಸಾಕು. ಬಸ್ಕಿಯನ್ನು ವೇಗವಾಗಿ ಎಣಿಕೆಗಾಗಿ ಹೊಡೆಯದೆ, ಇಳಿಯಲು ಮೂರು ಎಣಿಕೆ, ಏಳಲು ಒಂದು ಎಂಬಂತೆ ಮಾಡಿದರೆ ಮಂಡಿಯ ಸ್ನಾಯುರಜ್ಜಿಗೆ ಬೇಕಾದ ನಿಧಾನದ ಹೊರೆ ಸಿಗುತ್ತದೆ. ಹದಿನಾರು ವಾರವೂ ಇದು ಮುಂದುವರಿಯಬೇಕು. ಬಹಳಷ್ಟು ಜನ ನಾಲ್ಕನೆಯ ವಾರಕ್ಕೆ ಇದನ್ನು ಬಿಡುತ್ತಾರೆ, ಹನ್ನೊಂದನೆಯ ವಾರಕ್ಕೆ ಸೊಂಟ ಹಿಡಿದುಕೊಳ್ಳುತ್ತಾರೆ.

ನಾಲ್ಕರಿಂದ ಹದಿನಾಲ್ಕನೆಯ ವಾರ: ಭಾನುವಾರ ಬೆಳೆಯುವ ಬಗೆ

ಇನ್ನು ಮುಂದೆ ವಾರದ ನಡುವೆ ಎರಡು ಅಥವಾ ಮೂರು ಸಣ್ಣ ಸವಾರಿಗಳು ಹೆಚ್ಚುಕಡಿಮೆ ಅಷ್ಟೇ ಉಳಿದು, ಭಾನುವಾರದ್ದು ಮಾತ್ರ ಉದ್ದವಾಗುತ್ತ ಹೋಗುತ್ತದೆ. ನಾಲ್ಕನೆಯ ವಾರ 30 ಕಿ.ಮೀ., ಐದನೆಯದು 40, ಆರನೆಯದು 50, ಏಳನೆಯ ವಾರ ಮತ್ತೆ 35ಕ್ಕೆ ಇಳಿಕೆ. ಎಂಟರಿಂದ ಹತ್ತರವರೆಗೆ 60, 75, 90. ಹನ್ನೊಂದನೆಯ ವಾರ 55. ಹನ್ನೆರಡರಿಂದ ಹದಿನಾಲ್ಕರವರೆಗೆ 100, 120, 145. ಹದಿನೈದನೆಯ ವಾರ 60. ಹದಿನಾರನೆಯ ವಾರ ಎರಡು ಬಾರಿ ಮುಕ್ಕಾಲು ಗಂಟೆ ತುಳಿದು, ಕೊನೆಗೆ 200. ವಾರದ ಒಟ್ಟು ದೂರ 100 ಕಿ.ಮೀ. ದಾಟಿದ ಮೇಲೆ, ಇಳಿಕೆಯ ವಾರಗಳನ್ನು ಲೆಕ್ಕದಿಂದ ಬಿಟ್ಟು, ಹಿಂದಿನ ವಾರಕ್ಕಿಂತ ಶೇ 10–15ಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಇದೊಂದು ಅಂದಾಜಿನ ಸೂತ್ರ, ಶಾಸನವಲ್ಲ. ಆದರೆ ನನ್ನ ಮಂಡಿ ಕೈಕೊಟ್ಟ ವಾರದಲ್ಲಿ ಒಟ್ಟು ದೂರ ಹಿಂದಿನ ವಾರದ ಎರಡರಷ್ಟಾಗಿತ್ತು.

ಇಳಿಕೆಯ ವಾರಗಳನ್ನು ಸೋಮಾರಿತನವೆಂದು ತಿಳಿದು ಹಾರಿಸುವವರಿದ್ದಾರೆ. ದೇಹ ಗಟ್ಟಿಯಾಗುವುದು ತುಳಿಯುವಾಗ ಅಲ್ಲ, ತುಳಿದು ಸುಧಾರಿಸಿಕೊಳ್ಳುವಾಗ. ಆ ವಾರ ನಿದ್ದೆಗೆ ಹೆಚ್ಚು ಸಮಯ ಕೊಡಬೇಕು.

ಅಭ್ಯಾಸದಲ್ಲಿ 200 ಕಿ.ಮೀ. ತುಳಿದು ನೋಡುವ ಅಗತ್ಯವಿಲ್ಲ. 145 ಕಿ.ಮೀ.ಯನ್ನು ಮುಗಿಸಿ, ಮರುದಿನ ಮಾಮೂಲಿನಂತೆ ಕೆಲಸಕ್ಕೆ ಹೋಗಲು ಸಾಧ್ಯವಾದರೆ ಉಳಿದ 55 ಕಿ.ಮೀ.ಯನ್ನು ಸರಿಯಾದ ಊಟ ಮತ್ತು ಸರಿಯಾದ ವೇಗ ದಾಟಿಸುತ್ತವೆ. ದೂರಕ್ಕಿಂತ ಮುಖ್ಯವಾದದ್ದು ಸ್ಯಾಡಲ್ ಮೇಲೆ ಕಳೆದ ಗಂಟೆಗಳು. ಕುತ್ತಿಗೆ, ಅಂಗೈ ಮತ್ತು ಕೂರುವ ಎಲುಬುಗಳಿಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ.

ಏರುದಾರಿಯನ್ನು ಎಂಟನೆಯ ವಾರದವರೆಗೆ ಮುಟ್ಟಬಾರದು. ಬೆಂಗಳೂರಿನವರಿಗೆ ನಂದಿಬೆಟ್ಟದ ಸೆಳೆತ ದೊಡ್ಡದು: ನಗರದಿಂದ ಸುಮಾರು 60 ಕಿ.ಮೀ., ತುದಿ ಸಮುದ್ರಮಟ್ಟದಿಂದ 1,478 ಮೀಟರ್, ಕೊನೆಯ ಏಳೆಂಟು ಕಿ.ಮೀ. ಬಿಡದೆ ಏರು. ಹೋಗಿ ಬಂದರೆ 120 ಕಿ.ಮೀ. ಆಗುವುದರಿಂದ ಅದು ಹದಿಮೂರನೆಯ ವಾರಕ್ಕೆ ತಕ್ಕ ಸವಾರಿ. ಅದಕ್ಕೂ ಮೊದಲು ಹತ್ತಬೇಕೆನಿಸಿದರೆ ಸೈಕಲನ್ನು ಕಾರಿನಲ್ಲಿ ಬುಡದವರೆಗೆ ಒಯ್ದು, ಅತ್ಯಂತ ಹಗುರ ಗೇರಿನಲ್ಲಿ ಒಮ್ಮೆ ಹತ್ತಿಳಿದು ಬರಬಹುದು. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಬೇಕು. ಚಳಿಗಾಲದ ಬೆಳಿಗ್ಗೆ ಅಲ್ಲಿ ಮಂಜು ದಟ್ಟವಾಗಿರುತ್ತದೆ, ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ.

ಜ್ವರ, ಮದುವೆ, ದೀಪಾವಳಿ ಇವು ಹದಿನಾರು ವಾರಗಳಲ್ಲಿ ಬಂದೇ ಬರುತ್ತವೆ. ಒಂದು ವಾರ ತಪ್ಪಿದರೆ ಅದರ ಹಿಂದಿನ ವಾರವನ್ನು ಪುನಃ ಮಾಡಬೇಕು, ತಪ್ಪಿದ್ದನ್ನು ಮುಂದಿನ ವಾರಕ್ಕೆ ಕೂಡಿಸಬಾರದು. ಎರಡು ವಾರ ತಪ್ಪಿದರೆ ಎರಡು ಮೆಟ್ಟಿಲು ಹಿಂದಕ್ಕೆ. ಹತ್ತನೆಯ ವಾರದ ನಂತರ ಮೂರು ವಾರ ತಪ್ಪಿದರೆ ಆ ದಿನಾಂಕವನ್ನು ಬಿಟ್ಟು ಮುಂದಿನ ತಿಂಗಳ ಸವಾರಿಗೆ ಹೆಸರು ಬರೆಸುವುದೇ ಸರಿ.

ನೋವನ್ನು ಓದುವುದು

ಎರಡೂ ತೊಡೆಗಳಲ್ಲಿ ಸಮನಾಗಿ ಹರಡಿದ, ಮರುದಿನ ಹೆಚ್ಚಾಗಿ ಮೂರನೆಯ ದಿನ ಕರಗುವ ನೋವು ಕೆಲಸದ ನೋವು. ಅದರ ಜೊತೆ ಬದುಕಬಹುದು. ಒಂದೇ ಮಂಡಿಯಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ತುಳಿದಂತೆ ಹೆಚ್ಚುತ್ತ ಹೋಗುವ ನೋವು ಬೇರೆ ಜಾತಿಯದು. ಅದು ಕಾಣಿಸಿದ ದಿನವೇ ಸವಾರಿ ಮೊಟಕುಗೊಳಿಸಿ, ಮೂರು ನಾಲ್ಕು ದಿನ ಬಿಟ್ಟು, ಸ್ಯಾಡಲ್ ಎತ್ತರ ನೋಡಿ, ಅರ್ಧ ದೂರದಿಂದ ಆರಂಭಿಸಬೇಕು. ಎರಡು ವಾರಕ್ಕೂ ಕಡಿಮೆಯಾಗದಿದ್ದರೆ ಫಿಸಿಯೋಥೆರಪಿ ತಜ್ಞರ ಬಳಿ ಹೋಗುವುದು ಅನಿವಾರ್ಯ. ನೋವಿನ ಮಾತ್ರೆ ನುಂಗಿ ತುಳಿದರೆ ಎಚ್ಚರಿಕೆಯ ಗಂಟೆಯ ನಾಲಗೆ ಕಟ್ಟಿದಂತೆ. ಅಂಗೈ ಅಥವಾ ಕಿರುಬೆರಳು ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಹೆಚ್ಚು ಭಾರ ಬೀಳುತ್ತಿದೆ, ಹಿಡಿತದ ಜಾಗವನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸಬೇಕು.

ಕೂರುವ ಜಾಗದ ವಿಷಯವನ್ನು ಸಂಕೋಚದಿಂದ ಯಾರೂ ಬರೆಯುವುದಿಲ್ಲ, ಆದರೆ ಎಷ್ಟೋ ಸವಾರಿಗಳು ಮಂಡಿಯಿಂದಲ್ಲ, ಅದರಿಂದಲೇ ಅರ್ಧಕ್ಕೆ ನಿಲ್ಲುತ್ತವೆ. ಮೆತ್ತೆ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಬೇರೆ ಒಳಉಡುಪು ತೊಡಬಾರದು. ಹೊಲಿಗೆಯ ಅಂಚು ನೂರು ಕಿ.ಮೀ. ಆದಾಗ ಚಾಕುವಿನಂತೆ ಆಗುತ್ತದೆ. ತೊಡೆಸಂದಿಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಬೇಕು. ಮನೆಗೆ ಬಂದ ಕೂಡಲೇ, ಕಾಫಿಗೂ ಮೊದಲು, ಚಡ್ಡಿ ಬದಲಿಸಿ ಸ್ನಾನ ಮಾಡಬೇಕು. ಒಗೆಯದ ಚಡ್ಡಿಯನ್ನು ಎರಡನೆಯ ಬಾರಿ ತೊಡಲೇಬಾರದು. ದಪ್ಪ ಮೆತ್ತೆಯ ಸ್ಯಾಡಲ್ ಕವರ್ ಹಾಕಿಸುವುದು ಮೊದಲ 20 ಕಿ.ಮೀ.ಗೆ ಹಿತ, ಆಮೇಲೆ ಅದೇ ಮೃದು ಭಾಗಗಳನ್ನು ಒತ್ತಿ ತೊಂದರೆ ಕೊಡುತ್ತದೆ.

ಊಟ, ನೀರು, ಉಪ್ಪು

ಒಂದೂವರೆ ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಅದಕ್ಕಿಂತ ಉದ್ದವಾದದ್ದರಲ್ಲಿ ಗಂಟೆಗೆ 40ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗುತ್ತಿರಬೇಕು, ಅದೂ ಹಸಿವಾಗುವ ಮೊದಲೇ. ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಕಡಲೆ ಮಿಠಾಯಿ, ಖರ್ಜೂರ, ಹೋಳಿಗೆಯ ಸುರುಳಿ ಇವೆಲ್ಲ ಜೇಬಿನಲ್ಲಿ ಹಿಡಿಸುತ್ತವೆ; ದುಬಾರಿ ಜೆಲ್ ಪೊಟ್ಟಣಗಳು ಇಲ್ಲದಿದ್ದರೆ ಆಗದು ಎಂಬುದೇನಿಲ್ಲ. ಸೈಕಲ್ ಸವಾರರು 'ಬಾಂಕ್' ಎನ್ನುವ ಸ್ಥಿತಿ, ಅಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತೀರಿ ಕಾಲು ಹತ್ತಿಯಂತಾಗಿ, ತಲೆ ಮಂಕಾಗಿ, ಯಾರ ಮೇಲಾದರೂ ಸಿಡುಕಬೇಕೆನಿಸುವುದು, ಒಮ್ಮೆ ಬಂದರೆ ಸುಧಾರಿಸಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಅರ್ಧ ಗಂಟೆಗೊಮ್ಮೆ ಗಡಿಯಾರ ಶಬ್ದ ಮಾಡುವಂತೆ ಇಟ್ಟುಕೊಂಡು ತಿನ್ನುವುದು ಒಳ್ಳೆಯದು.

ಹೊಟ್ಟೆಯನ್ನೂ ಪಳಗಿಸಬೇಕಾಗುತ್ತದೆ. ಹನ್ನೆರಡನೆಯ ವಾರದಿಂದ ಸವಾರಿಯ ದಿನದ ಉಪಾಹಾರವನ್ನೇ, ಅದೇ ಹೊತ್ತಿಗೆ, ತಿಂದು ಹೊರಡಬೇಕು. ಬೆಳಿಗ್ಗೆ ಆರಕ್ಕೆ ಸವಾರಿ ಆರಂಭವಾಗುವುದಾದರೆ ನಾಲ್ಕಕ್ಕೆ ಇಡ್ಲಿಯೋ ಅವಲಕ್ಕಿಯೋ ಒಳಗೆ ಇಳಿಯಬೇಕು, ಅದು ಒಂದೇ ದಿನದಲ್ಲಿ ಬರುವ ಅಭ್ಯಾಸವಲ್ಲ. ಮೈಸೂರು ರಸ್ತೆಯ ಸವಾರರಿಗೆ ಬಿಡದಿಯ ತಟ್ಟೆ ಇಡ್ಲಿ ವರದಾನ. ಮದ್ದೂರು ವಡೆ ರುಚಿಯಲ್ಲಿ ಮೇಲೇ ಇರಬಹುದು, ಆದರೆ ಕರಿದದ್ದು ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ, ಮರಳಿ ಬರುವಾಗ ಕಟ್ಟಿಸಿಕೊಂಡು ಮನೆಯಲ್ಲಿ ತಿಂದರೆ ಎರಡಕ್ಕೂ ನ್ಯಾಯ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದು ಬೆವರಿನಲ್ಲಿ ಹೋದ ಉಪ್ಪನ್ನು ತುಂಬದಿದ್ದರೆ ರಕ್ತದ ಸೋಡಿಯಂ ಕುಸಿದು ಅಪಾಯವಾಗುತ್ತದೆ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕದಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದಾರಿಬದಿಯ ಎಳನೀರನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ, ಆದ್ದರಿಂದ ಎಳನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೂ ಇದ್ದರೆ ಲೆಕ್ಕ ಸರಿಹೋಗುತ್ತದೆ.

ರಸ್ತೆ ಮತ್ತು ಗಾಳಿ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಬಹಳ ವರ್ಷ ಬಿಟ್ಟು ಬರುವವರು ಹಳೆಯ ನೆನಪಿನಲ್ಲಿ ಅಲ್ಲಿಗೆ ಹೋಗದೆ ಸರ್ವಿಸ್ ರಸ್ತೆ ಹಿಡಿಯಬೇಕು, ಅಥವಾ ಕನಕಪುರ, ಮಾಗಡಿ, ದೊಡ್ಡಬಳ್ಳಾಪುರದ ಕಡೆಯ ದಾರಿಗಳನ್ನು ಆರಿಸಿಕೊಳ್ಳಬೇಕು.

ಗಾಳಿಯನ್ನು ಲೆಕ್ಕಕ್ಕೆ ಹಿಡಿಯದವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಬೆಂಗಳೂರಿನಿಂದ ಮೈಸೂರಿನತ್ತ ಹೊರಟರೆ ಎದುರುಗಾಳಿ. ಚಳಿಗಾಲದಲ್ಲಿ ಅದು ಪೂರ್ವ, ಈಶಾನ್ಯಕ್ಕೆ ತಿರುಗುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ಅದೇ ದಿಕ್ಕಿಗೆ ಹೊರಟವರಿಗೆ ಬೆಳಿಗ್ಗೆ ಗಾಳಿ ಬೆನ್ನಿಗಿರುತ್ತದೆ, ರಸ್ತೆಯೂ ಒಟ್ಟಾರೆ ಇಳಿಜಾರು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಿಂದ ಇಳಿದು ಹೋಗುವ ಈ ಸುಖವನ್ನೆಲ್ಲ ಮಧ್ಯಾಹ್ನ, ದಣಿದ ಕಾಲುಗಳಿಂದ, ಎದುರುಗಾಳಿಯಲ್ಲಿ ಹಿಂತಿರುಗಿಸಬೇಕಾಗುತ್ತದೆ. ಅಭ್ಯಾಸದ ಸವಾರಿಗಳಲ್ಲಿ ಕೆಲವನ್ನಾದರೂ ದ್ವಿತೀಯಾರ್ಧ ಕಠಿಣವಾಗಿರುವಂತೆ ಆಯ್ದುಕೊಳ್ಳಬೇಕು.

ಚಳಿಗಾಲದ ಅದೇ ತಿಂಗಳುಗಳಲ್ಲಿ ಹಳೆ ಮೈಸೂರು ಭಾಗದ ಹಳ್ಳಿ ರಸ್ತೆಗಳೆಲ್ಲ ಕಣವಾಗಿರುತ್ತವೆ. ರಾಗಿ, ಹುರುಳಿಯನ್ನು ರೈತರು ರಸ್ತೆಯ ಮೇಲೆ ಹರಡಿ, ವಾಹನ ಹರಿಸಿ ಒಕ್ಕುತ್ತಾರೆ. ಹುರುಳಿಯ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್ ಮುರಿದುಹೋಗಬಹುದು. ಇಳಿದು, ಬದಿಯಿಂದ ಸೈಕಲ್ ತಳ್ಳಿಕೊಂಡು ದಾಟುವುದೇ ಲೇಸು. ಒಣಭೂಮಿಯ ದಾರಿಗಳಲ್ಲಿ, ಅಂದರೆ ಪಾವಗಡ, ಚಳ್ಳಕೆರೆಯ ಕಡೆ, ರಸ್ತೆಯಂಚಿನ ಬಳ್ಳಾರಿ ಜಾಲಿಯ ಮುಳ್ಳು ಯಾವ ಟಯರನ್ನೂ ಬಿಡದು, ಅಲ್ಲಿಗೆ ಎರಡಲ್ಲ, ಮೂರು ಟ್ಯೂಬು ಒಯ್ಯಬೇಕು. ಬೆಳಗಿನ ಜಾವ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸದೆ ನಿಂತು, ಸೈಕಲನ್ನು ನಡುವೆ ಹಿಡಿದು ನಡೆಯಿರಿ. ಓಡುವುದು ನಿಂತರೆ ಬಹುತೇಕ ನಾಯಿಗಳಿಗೆ ಆಟದ ಆಸಕ್ತಿ ಹೋಗುತ್ತದೆ.

ಸವಾರಿಯ ದಿನದ ಲೆಕ್ಕ

ಹದಿಮೂರೂವರೆ ಗಂಟೆ ಕೇಳಲು ಧಾರಾಳ. ತುಳಿಯುವಾಗಿನ ಸರಾಸರಿ ವೇಗ 20 ಕಿ.ಮೀ. ಇದ್ದರೆ 200ಕ್ಕೆ 10 ಗಂಟೆ, ನಿಲುಗಡೆಗೆ ಮೂರೂವರೆ ಗಂಟೆ ಉಳಿಯುತ್ತದೆ. ವೇಗ 18 ಆದರೆ ತುಳಿತಕ್ಕೇ 11 ಗಂಟೆ 7 ನಿಮಿಷ, ಉಳಿಯುವುದು 2 ಗಂಟೆ 23 ನಿಮಿಷ. ಐದು ಕಡೆ 25 ನಿಮಿಷದಂತೆ ಕೂತರೆ ಅದರಲ್ಲಿ 2 ಗಂಟೆ 5 ನಿಮಿಷ ಹೋಯಿತು, ಒಂದು ಪಂಕ್ಚರಿಗೆ ಉಳಿದದ್ದು 18 ನಿಮಿಷ. ಮರಳಿ ಬಂದವರು ಸಮಯ ಮೀರುವುದು ಬಹುಮಟ್ಟಿಗೆ ನಿಧಾನ ತುಳಿದಿದ್ದಕ್ಕಲ್ಲ, ಹೋಟೆಲಿನಲ್ಲಿ ಕೂತದ್ದಕ್ಕೆ. ನಿಲ್ಲುವ ಮೊದಲೇ ಮಾಡಬೇಕಾದ ಕೆಲಸಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು: ಕಾರ್ಡಿಗೆ ಮುದ್ರೆ, ಬಾಟಲಿಗೆ ನೀರು, ಶೌಚ, ಕೈಯಲ್ಲಿ ತಿಂಡಿ, ಹೊರಡು. ಒಮ್ಮೆ ಮಾತ್ರ, ಮಧ್ಯಾಹ್ನದ ಮೊಸರನ್ನಕ್ಕೆ, ನೆಮ್ಮದಿಯಾಗಿ ಅರ್ಧ ಗಂಟೆ ಕೂರಬಹುದು.

ಮೊದಲ 50 ಕಿ.ಮೀ.ಗಳಲ್ಲಿ ನಿಮ್ಮನ್ನು ಹಿಂದೆ ಹಾಕಿ ಹೋಗುವ ಗುಂಪುಗಳನ್ನು ಹೋಗಲು ಬಿಡಿ. ಅವರಲ್ಲಿ ನಿಮ್ಮ ಹಳೆಯ ಸಂಗಡಿಗರಿರಬಹುದು, ಹೆಸರು ಹಿಡಿದು ಕೂಗಿ ಕರೆಯಲೂಬಹುದು. ಆಗಲೂ ಅದೇ ಪರೀಕ್ಷೆ, ಪೂರ್ಣ ವಾಕ್ಯದಲ್ಲಿ ಉತ್ತರಿಸಲು ಆಗುತ್ತಿದ್ದರೆ ಮಾತ್ರ ಜೊತೆಗೆ ಹೋಗಬಹುದು.

ಹೆಲ್ಮೆಟ್, ಹಿಂದೆ ಮುಂದೆ ದೀಪ, ಬೆಳಕು ಪ್ರತಿಫಲಿಸುವ ಜಾಕೆಟ್, ಎರಡು ಟ್ಯೂಬು, ಟಯರ್ ಲಿವರ್, ಪಂಪು, ಚೈನಿನ ಜೋಡುಕೊಂಡಿ, ಗುರುತಿನ ಚೀಟಿ, ಚಿಲ್ಲರೆ ಹಣ, ಇವು ಹಿಂದಿನ ರಾತ್ರಿಯೇ ಚೀಲ ಸೇರಿರಬೇಕು. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಕತ್ತಲಾಗುತ್ತದೆ. ಆರಕ್ಕೆ ಹೊರಟು ಹದಿಮೂರು ಗಂಟೆ ತೆಗೆದುಕೊಳ್ಳುವವರು ಕೊನೆಯ ಒಂದು ಗಂಟೆ ಕತ್ತಲಲ್ಲೇ ತುಳಿಯುತ್ತಾರೆ, ಗುರುತು ಬಳಿಯದ ರಸ್ತೆಯುಬ್ಬುಗಳು ಆಗಲೇ ಎದುರಾಗುವುದು. ಆದ್ದರಿಂದ ಹದಿನಾಲ್ಕನೆಯ ವಾರದೊಳಗೆ ಒಂದೆರಡು ಬಾರಿ ದೀಪದ ಬೆಳಕಿನಲ್ಲಿ ತುಳಿದು, ಅದರ ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ಬರುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಬೇಕು.

ಮುಗಿಸಿದ ರಾತ್ರಿ ಉಪ್ಪು, ಅನ್ನ, ಬೇಳೆ ಮತ್ತು ನಿದ್ದೆ. ಮುಂದಿನ ಎರಡು ದಿನ ನಡಿಗೆ, ಮೂರನೆಯ ದಿನ ಅರ್ಧ ಗಂಟೆ ಹಗುರ ಗೇರಿನಲ್ಲಿ ಒಂದು ಸುತ್ತು. 300ರ ಅರ್ಜಿಯನ್ನು ಆ ವಾರ ತುಂಬಬೇಡಿ. ಸೋಮವಾರ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎರಡೂ ಮಂಡಿ ಏನು ಹೇಳುತ್ತವೆ ಎಂದು ಕೇಳಿ, ಹತ್ತು ದಿನ ಬಿಟ್ಟು ತುಂಬಿ.